ಅಪ್‌ಡೇಟ್: ಫಿಲ್ಮ್ ಲುಕ್ ಕೊನೆಗೂ ಬಂತು

ರಾಥೆರಪಿಯಲ್ಲಿ (ಫೋಟೋ ತಿದ್ದುವ ಸಾಫ್ಟ್‌ವೇರ್, RawTherapee) ಫಿಲ್ಮ್ ಸಿಮ್ಯುಲೇಶನ್, ಅಂದರೆ ಹಳೇ ರೀಲ್ ಫೋಟೋದ ಬಣ್ಣ ತರುವ ಆಯ್ಕೆ, ಹಾಕಿದರೆ ಮುಖವೆಲ್ಲ ಕಿತ್ತಳೆ, ನೆರಳೆಲ್ಲ ಕಪ್ಪು ಮಸಿ ಆಗುತ್ತಿದೆ ಅಂತ ಹೋದ ವಾರ ಕೇಳಿದ್ದೆ ಅಲ್ವಾ, ಸರಿಹೋಯಿತು. ರಾ ಫೈಲ್ (ಕ್ಯಾಮೆರಾದ ಕಚ್ಚಾ ಫೋಟೋ) ತೆರೆದಾಗ ತಾನಾಗಿಯೇ ಸೇರುವ ಟೋನ್ ಕರ್ವ್ (ಬೆಳಕು-ನೆರಳು ಹೊಂದಿಸುವ ಗೆರೆ) ತೆಗೆದುಹಾಕಿ ಅಂತ ಇಲ್ಲಿ ಉತ್ತರ ಕೊಟ್ಟವರ ಮಾತು ನಿಜ: ಅದರ ಮೇಲೆ ಸಿಮ್ಯುಲೇಶನ್ ಕೂತು ಕಾಂಟ್ರಾಸ್ಟ್ ಎರಡು ಸಲ ಸೇರುತ್ತಿತ್ತು. ಆಮೇಲೆ ಸಿಮ್ಯುಲೇಶನ್‌ನ ಸ್ಟ್ರೆಂತ್ 100ರಿಂದ 60ಕ್ಕೆ ಇಳಿಸಿದೆ, ಅಷ್ಟೇ.

ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸೋ ಸಲಹೆ ನನಗೆ ಆಗಲಿಲ್ಲ, ಫೋಟೋ ಬರೀ ಮಂಕಾಯಿತು. ಗ್ರೇನ್ (ಫಿಲ್ಮ್‌ನಲ್ಲಿ ಕಾಣುವ ಸಣ್ಣ ಕಾಳುಕಾಳು) ಮೊದಲು ಹಾಕಿ ಆಮೇಲೆ ಫೋಟೋ ಸೈಜ್ ಚಿಕ್ಕದು ಮಾಡಿದೆ, ಗ್ರೇನೇ ಮಾಯ! ಈಗ ಮೊದಲು ಸೈಜ್, ಕೊನೆಗೆ ಗ್ರೇನ್.

ನನಗೆ ಇಷ್ಟು ದಿನ ಗೊತ್ತಿರದಿದ್ದ ಒಂದು ವಿಷಯ: ಫಿಲ್ಮ್ ಫೋಟೋಗಳಲ್ಲಿ ದೀಪದ ಸುತ್ತ ಕಾಣುವ ಕೆಂಪು ಹೊಳಪು ಬೆಳಕು ಫಿಲ್ಮ್ ದಾಟಿ ಹಿಂದಿನಿಂದ ವಾಪಸ್ ಬಡಿಯುವುದರಿಂದ ಬರುತ್ತದಂತೆ. ಅದನ್ನು ಬರೀ ಬಣ್ಣ ಬದಲಿಸಿ ತರೋಕೆ ಎರಡು ರಾತ್ರಿ ಹಾಳು ಮಾಡಿಕೊಂಡಿದ್ದೆ.