‘ಮುಂದಕ್ಕೆ ಹಾಕಿದ್ದೇವೆ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು?

ಪ್ರಶ್ನೆ (ಸುಂಟಿಕೊಪ್ಪ)
ನಾನು ಇಲ್ಲೇ ಒಂದು ಕಾಫಿ ತೋಟದಲ್ಲಿ ರೈಟರ್. ಆಳುಗಳ ಹಾಜರಿ, ಕೊಯ್ಲಿನ ಲೆಕ್ಕ ನನಗೆ ಕಷ್ಟವಲ್ಲ. ಈ ವರ್ಷ ಖರೀದಿದಾರರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯುವುದೂ ನನ್ನ ಪಾಲಿಗೆ ಬಂದಿದೆ. ಜನವರಿಯಲ್ಲಿ ಮಳೆ ಬಂದು ಕಣದಲ್ಲಿ ಹರವಿದ್ದ ರೊಬಸ್ಟಾ ಒಣಗಲಿಲ್ಲ. ನೋಡಲು ಬರಬೇಕಿದ್ದವರಿಗೆ, ಭೇಟಿ ಒಂದು ವಾರ ಮುಂದಕ್ಕೆ ಹೋಗಿದೆ ಅಂತ ತಿಳಿಸಬೇಕಿತ್ತು. ‘ಪುಟ್ ಫಾರ್ವರ್ಡ್ ಬೈ ಒನ್ ವೀಕ್’ ಎಂದು ಬರೆದೆ. ಅವರು ಗಾಬರಿಯಾಗಿ ಫೋನ್ ಮಾಡಿದರು: ‘ಹಾಗಾದರೆ ನಾಳೆಯೇ ಬರಬೇಕಾ?’ ರಾತ್ರಿಯೆಲ್ಲ ಅದೇ ಯೋಚನೆ. ಉಲ್ಟಾ ಹೇಗಾಯಿತು? ಇಂಥ ಜೋಡಿ ಪದಗಳನ್ನು ಆಫೀಸ್ ಪತ್ರದಲ್ಲಿ ಬಿಟ್ಟೇಬಿಡಬೇಕಾ?

ಉತ್ತರ 1 (ವಿರಾಜಪೇಟೆ, ಇಂಗ್ಲಿಷ್ ಟೀಚರ್)
ನಮಗೆ ‘ಮುಂದೆ’ ಅಂದರೆ ಆಮೇಲೆ, ಅಲ್ವಾ? ಇಂಗ್ಲಿಷಿನಲ್ಲಿ ದಿನವನ್ನು ‘ಫಾರ್ವರ್ಡ್’ ತಂದರೆ ಅದು ನಮಗೆ ಹತ್ತಿರ ಬರುತ್ತದೆ. ನಿಮಗೆ ಬೇಕಿದ್ದದ್ದು ‘ಪುಟ್ ಆಫ್’. ಪತ್ರಕ್ಕಾದರೆ ‘ಪೋಸ್ಟ್‌ಪೋನ್’ ಇನ್ನೂ ಒಪ್ಪುತ್ತದೆ. ‘ಕಾಲ್ ಆಫ್’ ಮಾತ್ರ ಬೇಡ, ಅದು ರದ್ದು. ಸಲಹೆ, ಪ್ರಸ್ತಾವ ಮುಂದಿಡುವಾಗ ‘ಪುಟ್ ಫಾರ್ವರ್ಡ್’ ಧಾರಾಳವಾಗಿ ಬರೆಯಿರಿ. ‘ಇಟ್’ ಬಂದರೆ ಜಾಗ ನೋಡಿಕೊಳ್ಳಿ. ‘ಪುಟ್ ಇಟ್ ಆಫ್’ನಲ್ಲಿ ಅದು ಮಧ್ಯೆ, ‘ಲುಕ್ ಇಂಟು ಇಟ್’ನಲ್ಲಿ ಕೊನೆಗೆ.

ಉತ್ತರ 2 (ಕುಶಾಲನಗರ, ಕಾಫಿ ಕ್ಯೂರಿಂಗ್ ಆಫೀಸು)
ಬಿಡಬೇಡಿ. ಕೆಲವು ಜೋಡಿಗಳು ಪತ್ರಕ್ಕೇ ಹೇಳಿ ಮಾಡಿಸಿದಂಥವು. ತೇವಾಂಶದ ಪರೀಕ್ಷೆ ಮಾಡಿದ್ದಕ್ಕೆ ‘ಕ್ಯಾರಿ ಔಟ್’, ನಿಯಮ ಪಾಲಿಸಿದ್ದಕ್ಕೆ ‘ಕಂಪ್ಲೈ ವಿತ್’ ನಾವು ದಿನಾ ಬರೆಯುತ್ತೇವೆ. ದೇಶದ ಕಾಫಿಯಲ್ಲಿ ಶೇ. 70ರಷ್ಟು ಕರ್ನಾಟಕದ್ದು ಅನ್ನಲು ‘ಅಕೌಂಟ್ಸ್ ಫಾರ್’. ಅಲ್ಲಿ ಬ್ಯಾಂಕ್ ಖಾತೆಯ ಮಾತೇ ಇಲ್ಲ. ಬಿಡಿಸಿ ನೋಡಿದರೆ ಅರ್ಥ ಸಿಗುವುದಿಲ್ಲ. ನಮ್ಮ ಕೈಗೊಳ್ಳು, ಕೈಬಿಡು, ಕೈಕೊಡು ಕೂಡ ಹಾಗೇ ತಾನೇ? ಮೂರರಲ್ಲೂ ಕೈ ಇದೆ, ಅರ್ಥ ಮಾತ್ರ ಬೇರೆ ಬೇರೆ. ‘ಕ್ಯಾರಿ ಔಟ್’ ಪಕ್ಕ ‘ಕೈಗೊಳ್ಳು’ ಅಂತ ಬರೆದಿಟ್ಟ ಮೇಲೆ ನಾನು ಅದನ್ನು ಮರೆತಿಲ್ಲ.

ಪ್ರಶ್ನೆ ಕೇಳಿದವರು
ಟೀಚರ್, ‘ನಮಗೆ ಹತ್ತಿರ ಬರುತ್ತದೆ’ ಅಂದಿದ್ದು ಚೆನ್ನಾಗಿ ಹಿಡಿಯಿತು. ಇಬ್ಬರಿಗೂ ಥ್ಯಾಂಕ್ಸ್. ‘ಪೋಸ್ಟ್‌ಪೋನ್ಡ್’ ಅಂತ ತಿದ್ದಿ, ಹೊಸ ತಾರೀಕನ್ನೂ ವಾರವನ್ನೂ ಬರೆದು ಕಳಿಸಿದೆ. ಬರುತ್ತೇವೆ ಅಂತ ಉತ್ತರ ಬಂತು. ಮಸ್ಟರ್ ಪುಸ್ತಕದ ಹಿಂದಿನ ಹಾಳೆಯಲ್ಲಿ ‘ಕೈ’ ಪದಗಳನ್ನು ಬರೆಯಲು ಶುರು ಮಾಡಿದ್ದೇನೆ. ‘ಕೈಕೊಡು’ಗೆ ‘ಲೆಟ್ ಡೌನ್’ ಸರಿನಾ?