ಹಾಸನದ ಕ್ಯಾಮೆರಾ ಬಳಗ: ಈ ವಾರ ಶಟರ್ ವೇಗದ ಪ್ರಶ್ನೆಗಳು

(ಉತ್ತರಿಸುವವರು: ಹಾಸನದ ಸ್ಟುಡಿಯೋ ಛಾಯಾಗ್ರಾಹಕರು)

ಅರಸೀಕೆರೆ ಸದಸ್ಯ: ಶಾಲೆಯ ಓಟದ ಸ್ಪರ್ಧೆಯಲ್ಲಿ ಮಕ್ಕಳ ಕೈಕಾಲು ಕಲಸಿದಂತೆ ಬರುತ್ತವೆ. ಶಟರ್ ವೇಗ (ಬೆಳಕು ಒಳಬಿಡಲು ಕ್ಯಾಮೆರಾದ ಪರದೆ ತೆರೆದಿರುವ ಹೊತ್ತು) ಎಷ್ಟಿಡಲಿ?

ಉತ್ತರ: ಸೆಕೆಂಡಿನ 1/1000. ನಿಮ್ಮತ್ತಲೇ ಓಡಿಬರುವ ಮಗುವಿಗೆ 1/500 ಸಾಕು, ಅಡ್ಡ ಹಾಯುವ ಮಗುವಿಗೆ ಸಾಲದು. ಬೆಳಕು ಕಡಿಮೆಯಾದರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬ ಅಂಕಿ) ಏರಿಸಿ. ಚಿತ್ರ ತರಿತರಿಯಾದರೂ ಮುಖ ಕಾಣುತ್ತದೆ.

ಲಕ್ಕವಳ್ಳಿ ಸದಸ್ಯ: ಭದ್ರಾ ಹಿನ್ನೀರಿನಲ್ಲಿ ರಿವರ್ ಟರ್ನ್ ಹಕ್ಕಿ ಮೀನಿಗೆ ಧುಮುಕುವುದನ್ನು ತೆಗೆಯಬೇಕು. ದೋಣಿಗೆ ಟ್ರೈಪಾಡ್ ಒಯ್ಯಬೇಕೇ?

ಬೇಲೂರು ಸದಸ್ಯೆ: ರಾತ್ರಿ ವೇದಿಕೆಯ ಮೇಲೆ ವೀರಗಾಸೆ. ಕತ್ತಿಯ ಬೀಸು ಹಿಡಿಯಲೆಂದು 1/2000ಕ್ಕೆ ಇಟ್ಟಿದ್ದೆ, ಫ್ಲ್ಯಾಶ್ ಇಲ್ಲ, ಸದ್ದಾಗದ ಶಟರ್. ಪ್ರತಿ ಚಿತ್ರದಲ್ಲೂ ಅಡ್ಡಡ್ಡ ಕಪ್ಪು ಪಟ್ಟೆಗಳು, ಒಂದೊಂದರಲ್ಲಿ ಒಂದೊಂದು ಕಡೆ. ಅಂಗಡಿಯವರು ಶಟರ್ ಹೋಗಿದೆ, ಬದಲಿಸಬೇಕು ಎನ್ನುತ್ತಾರೆ.

ಉತ್ತರ: ದಯವಿಟ್ಟು ಇನ್ನೂ ದುಡ್ಡು ಕೊಡಬೇಡಿ. ಪಟ್ಟೆ ಜಾಗ ಬದಲಿಸುತ್ತಿದೆ ಎಂದಿರಲ್ಲ, ಅದೇ ಮುಖ್ಯ ಸುಳಿವು. ನಮ್ಮ ಕರೆಂಟು 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಸದ್ದಾಗದ ಶಟರ್, ಅಂದರೆ ಪರದೆ ಆಡದ ಎಲೆಕ್ಟ್ರಾನಿಕ್ ಶಟರ್, ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ದೀಪ ಮಂಕಾದಾಗ ಓದಿದ ಸಾಲು ಕಪ್ಪು, ಬೆಳಗಿದಾಗ ಓದಿದ್ದು ಬಿಳುಪು. ನಾಳೆ ಹಗಲಲ್ಲಿ ಬಯಲಿಗೆ ಹೋಗಿ ಅದೇ 1/2000ದಲ್ಲಿ ಹತ್ತು ಚಿತ್ರ ತೆಗೆಯಿರಿ. ಅರ್ಧ ಸದ್ದಾಗದ ಶಟರ್‌ನಲ್ಲಿ, ಅರ್ಧ ಮಾಮೂಲಿಯಲ್ಲಿ. ಎಲ್ಲವೂ ಶುದ್ಧವಾಗಿದ್ದರೆ ತಪ್ಪು ದೀಪದ್ದು. ಫ್ಲ್ಯಾಶ್ ಹಾಕಿದಾಗ ಮಾತ್ರ, ಪ್ರತಿ ಸಲ ಒಂದೇ ಅಂಚು ಕಪ್ಪಾದರೆ ಅದು ಬೇರೆ ಕಥೆ: ಫ್ಲ್ಯಾಶ್‌ಗೆ ಹೊಂದುವ ವೇಗವನ್ನು, ಸಾಮಾನ್ಯವಾಗಿ 1/200ರ ಆಸುಪಾಸು, ಮೀರಿದ್ದೀರಿ ಎಂದರ್ಥ.

ಮುಂದಿನ ಸಲ ಮಾಮೂಲಿ ಶಟರ್, 1/100. ಆಗ ಪ್ರತಿ ಸಾಲಿಗೂ ದೀಪದ ಒಂದು ಪೂರ್ತಿ ಸುತ್ತಿನ ಬೆಳಕು ಸಿಗುತ್ತದೆ. ಮಂಕು ಮಾಡುವ ಗುಂಡಿಯಿರುವ ವೇದಿಕೆ ದೀಪಗಳ ಲಯ ಬೇರೆಯಿರುತ್ತದೆ, ಆದ್ದರಿಂದ ಕುಣಿತಕ್ಕೆ ಮೊದಲೇ ಪರೀಕ್ಷಿಸಿ. 1/100ರಲ್ಲಿ ಕತ್ತಿ ಕಲಸುತ್ತದೆ, ಕಲಸಲಿ. ಕುಣಿಯುವವರು ನೆಗೆದು ತುದಿ ಮುಟ್ಟಿದ ಗಳಿಗೆ ಮೈ ಹೆಚ್ಚುಕಡಿಮೆ ನಿಂತಿರುತ್ತದೆ. ಸಂಬಾಳ ವಾದ್ಯದ ಪೆಟ್ಟು ಕೇಳಿಸಿಕೊಳ್ಳುತ್ತಿದ್ದರೆ ಆ ಗಳಿಗೆ ಮೊದಲೇ ಗೊತ್ತಾಗುತ್ತದೆ. ಮುಖ ನಿಂತು ಕತ್ತಿ ಹರಿದ ಚಿತ್ರವೇ ನನಗೆ ಇಷ್ಟ.

ಹೊಳೆನರಸೀಪುರ ಸದಸ್ಯ: ನನಗೆ ಬಂದ ಸಂದೇಶ: ಶಟರ್ ಪರದೆಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದರೆ ಪಟ್ಟೆ ಮಾಯ. ಎಲ್ಲರಿಗೂ ಹಂಚಿ.

ಉತ್ತರ: ಹಂಚಬೇಡಿ. ಆ ಪರದೆಯ ರೆಕ್ಕೆಗಳು ಕಾಗದದಷ್ಟು ತೆಳು, ಬೆರಳು ತಾಗಿದರೆ ಬಾಗುತ್ತವೆ. ಬೇಲೂರಿನವರೇ, ಅದನ್ನು ಮುಟ್ಟಬೇಡಿ. ಆಮೇಲೆ ಅಂಗಡಿಯವರು ಹೇಳಿದ್ದೇ ನಿಜವಾಗುತ್ತದೆ.

ಆಲೂರು ಸದಸ್ಯ: ಓಟಕ್ಕೆ ಶಟರ್ ಎಷ್ಟು?

ಉತ್ತರ: ಮೇಲಿದೆ.

ತರೀಕೆರೆ ಸದಸ್ಯ: ಹೆಬ್ಬೆ ಜಲಪಾತ ಹಾಲಿನಂತೆ ಬರಲು ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಗಾಜು) ಬದಲು ವೆಲ್ಡಿಂಗ್ ಗಾಜು ಸಾಕಂತೆ?

ಉತ್ತರ: ಆ ಗಾಜು ಹಸಿರು, ಹಸಿರು ಹಾಲು ಬೇಕಿದ್ದರೆ ಸಾಕು. 64 ಪಟ್ಟು ಬೆಳಕು ತಡೆಯುವ ಫಿಲ್ಟರ್ ಕೊಳ್ಳಿ. 1/60 ಇದ್ದದ್ದು ಒಂದು ಸೆಕೆಂಡಾಗುತ್ತದೆ. ಪಾಚಿಯ ಬಂಡೆ ಹತ್ತಬೇಡಿ.

ಮೂಡಿಗೆರೆ ಸದಸ್ಯ: ನೀರನ್ನು ಹಾಲು ಮಾಡುವುದೇ ಸುಳ್ಳು. ಕಣ್ಣಿಗೆ ಹಾಗೆ ಕಾಣುತ್ತದೆಯೇ?

ತರೀಕೆರೆ ಸದಸ್ಯ: 1/2000ದಲ್ಲಿ ಗಾಳಿಯಲ್ಲಿ ನಿಂತ ಹನಿ ಕಣ್ಣಿಗೆ ಕಾಣುತ್ತದೆಯೇ?

ಮೂಡಿಗೆರೆ ಸದಸ್ಯ: ಹನಿ ಅಲ್ಲಿ ಇತ್ತು. ಹಾಲು ಇರಲಿಲ್ಲ.

ತರೀಕೆರೆ ಸದಸ್ಯ: ನಿಮ್ಮ ಕಾಫಿ ಹೂವಿನ ಚಿತ್ರದ ಬಣ್ಣ ಎಲ್ಲಿಂದ ಬಂತೋ, ಅದನ್ನು ಮೊದಲು ಹೇಳಿ.

ಹೊಳೆನರಸೀಪುರ ಸದಸ್ಯ: ನಾನು ಒಳ್ಳೆಯದಕ್ಕೆಂದು ಕಳುಹಿಸಿದ್ದೆ. ಇಷ್ಟು ಸಿಡುಕು ಬೇಡವಿತ್ತು.

ಉತ್ತರ: ಸಿಡುಕಲ್ಲ, ಬಾಗಿದ ಶಟರ್ ಹಿಡಿದುಕೊಂಡು ಅಳುತ್ತ ಬಂದವರನ್ನು ನೋಡಿದ್ದೇನೆ. ಜಲಪಾತದ ಜಗಳ ಬೇರೆಡೆ ಮುಂದುವರಿಸಿ. ನನಗೆ ಮದುವೆಯ ಕೆಲಸವಿದೆ.

ಆಲೂರು ಸದಸ್ಯ: ಮೇಲೆ ಎಂದರೆ ಎಲ್ಲಿ?

ಲಕ್ಕವಳ್ಳಿ ಸದಸ್ಯ: ನಾಳೆ ಬೆಳಿಗ್ಗೆಯೇ ದೋಣಿ. ಟ್ರೈಪಾಡ್ ಒಯ್ಯಲೇ, ಬೇಡವೇ?