ಸಹಾಯ ಬೇಕು: ಕೆರೆಯಲ್ಲಿ ಹಾರಿಸಲು ಆರ್‌ಸಿ ಫ್ಲೋಟ್‌ಪ್ಲೇನ್, ಯಾವುದು ವಾಸಿ?

ಎಲ್ಲರಿಗೂ ನಮಸ್ಕಾರ. ನೀರಿನಿಂದಲೇ ಏರಿ ನೀರಿಗೇ ಇಳಿಯುವ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ವಿಮಾನ ಕೊಳ್ಳಬೇಕು ಅಂತ ಬಹಳ ಆಸೆ. ನೆಲದ ಮೇಲೆ ಫೋಮ್ ಟ್ರೈನರ್ ಹಾರಿಸಿ ಕೈ ಪಳಗಿದೆ, ನೀರಿನ ಅನುಭವ ಇಲ್ಲ. ನಮ್ಮೂರ ಕೆರೆ ಈಗ ತುಂಬಿದೆ. ಪಂಚಾಯಿತಿಯವರು ಒಪ್ಪಿದ್ದಾರೆ. ಡಿಜಿಟಲ್ ಸ್ಕೈ (ಡ್ರೋನ್ ಹಾರಾಟದ ಸರ್ಕಾರಿ ತಾಣ) ನಕ್ಷೆಯಲ್ಲಿ ಜಾಗ ಹಸಿರು ವಲಯದಲ್ಲೇ ಇದೆ.

ಒಂದು ಮನಸ್ಸು ಚಕ್ರದ ಬದಲು ಎರಡು ಫ್ಲೋಟ್ (ತೇಲುವ ತಳ) ಇರುವ ಹೈವಿಂಗ್ (ರೆಕ್ಕೆ ಮೇಲ್ಗಡೆ ಇರುವ) ಮಾದರಿ ಕಡೆ. ಇನ್ನೊಂದು ಇ-ಫ್ಲೈಟ್ ಕಂಪನಿಯ ಐಕಾನ್ ಎ5 ಕಡೆ. ಅದರ ಹೊಟ್ಟೆಯೇ ದೋಣಿ. ಪ್ರೊಪೆಲ್ಲರ್ ಮೇಲೆ, ಹಿಂದೆ ಇರುವುದರಿಂದ ನೀರು ಕಡಿಮೆ ಸಿಡಿಯುತ್ತದೆ, ಅಲ್ವಾ? ಆದರೆ ಮೋಟಾರ್ ಎತ್ತರದಲ್ಲಿದ್ದರೆ ಥ್ರಾಟಲ್ ಕೊಟ್ಟ ತಕ್ಷಣ ಮೂಗು ಕೆಳಗೆ ಒತ್ತುತ್ತದೆ. ಎರಡನ್ನೂ ಹಾರಿಸಿದವರು ಇದ್ದರೆ ದಯವಿಟ್ಟು ಹೇಳಿ.

ಫ್ಲೋಟ್ ಬೇರೆಯಾಗಿ ಕೂರಿಸುವುದಾದರೆ ಅದರ ಅಡಿಯಲ್ಲಿರುವ ಮೆಟ್ಟಿಲಿನಂಥ ಕಡಿತ (ಸ್ಟೆಪ್) ಸಿಜಿಗಿಂತ (ವಿಮಾನದ ತೂಕ ಸಮವಾಗುವ ಬಿಂದು) ಸ್ವಲ್ಪ ಹಿಂದೆ ಬರಬೇಕು. 1.2 ಮೀಟರ್ ರೆಕ್ಕೆಯ ವಿಮಾನಕ್ಕೆ ನೀವು ಎಷ್ಟು ಹಿಂದೆ ಇಡುತ್ತೀರಿ?

ಜಾಸ್ತಿ ಚಿಂತೆ ಅಡ್ಡಗಾಳಿಯದ್ದು. ಮಧ್ಯಾಹ್ನದ ಹೊತ್ತಿಗೆ ಏರಿ ಕಡೆಯಿಂದ ಜೋರಾಗಿ ಬೀಸುತ್ತದೆ. ನೀರಲ್ಲಿ ತಿರುಗಿಸುವಾಗ ಗಾಳಿ ಬರುವ ಕಡೆಯ ರೆಕ್ಕೆ ಎದ್ದು ಮಗುಚದಂತೆ ಏಲರಾನ್ (ರೆಕ್ಕೆಯ ಹಿಂಬದಿಯ ಮಡಚುವ ಪಟ್ಟಿ) ಹೇಗೆ ಹಿಡಿಯುತ್ತೀರಿ? ವಾಟರ್ ರಡ್ಡರ್ (ನೀರಲ್ಲಿ ತಿರುಗಿಸುವ ಚುಕ್ಕಾಣಿ) ಬೇಕೇ ಬೇಕಾ?

ದಡದಲ್ಲಿ ಜೊಂಡು ಇದೆ. ವಿಮಾನ ಸಿಕ್ಕಿಕೊಂಡರೆ ತರಲು ತೆಪ್ಪದವರು ಸಿಗುತ್ತಾರೆ, ನಾನು ಸುಮ್ನೆ ನೀರಿಗಿಳಿಯುವುದಿಲ್ಲ. ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಕ), ರಿಸೀವರ್‌ಗೆ ನೀರು ತಾಗದಂತೆ ಏನು ಬಳಿಯುತ್ತೀರಿ? ಬಿಡಿಭಾಗ ಇಲ್ಲೇ ಸಿಗುವ ಮಾದರಿ ಯಾವುದು ಅಂತಲೂ ತಿಳಿಸಿ.